ನಮ್ಮೂರ ಯುದ್ಧಕೈದಿ

ನಾನು ಮದುವೆಯಾಗುವ ಹೊತ್ತಿಗೆ ನೀಲಾಂಬಿಕೆ ಆಗಲೇ ನಮ್ಮೂರಿನ ಯುದ್ಧಕೈದಿಯಾಗಿದ್ದಳು. ಹುಡುಗಿ ಏನು ಮಾಡುತ್ತಾಳೆ ಎಂದು ನಮ್ಮ ಕಡೆಯ ನೆಂಟರು ಕೇಳಿದ್ದಕ್ಕೆ ಅವಳ ಸೋದರಮಾವ ಮುಚ್ಚುಮರೆ ಮಾಡದೆ ‘ಕೈದಿ’ ಎಂದೇ ಹೇಳಿದ. ಪುರಸಭೆಯವರು ಮನೆ ಕೊಟ್ಟಿರುತ್ತಾರಲ್ಲ, ಒಳ್ಳೆಯದೇ ಆಯಿತು ಎಂದು ನೆಂಟರು ಒಪ್ಪಿದರು.

ಯುದ್ಧ ನಮ್ಮ ಅಜ್ಜಂದಿರ ಕಾಲದ್ದು. ನಮ್ಮೂರಿಗೂ ಕಾಡಿನ ಆಚೆಯ ಊರಿಗೂ ನಡೆದದ್ದು. ಯಾತಕ್ಕೆ ನಡೆಯಿತು ಎಂಬ ಬಗ್ಗೆ ನಮ್ಮಲ್ಲಿ ಒಮ್ಮತವಿಲ್ಲ. ಎರಡೂ ಕಡೆ ಮದ್ದು, ಪೆಟ್ರೋಲು, ಕುದುರೆ ಎಲ್ಲ ತೀರಿಹೋದಾಗ ಒಪ್ಪಂದವಾಯಿತು. ಆಗ ಎರಡೂ ಕಡೆ ಒಬ್ಬೊಬ್ಬ ಕೈದಿ ಉಳಿದಿದ್ದ. ಮಾರ್ಗಶಿರದ ಹುಣ್ಣಿಮೆಯ ದಿನ ಮಧ್ಯಾಹ್ನ, ಎಂಜಿನ್ನಿನ ಸದ್ದಾಗಲಿ ಗೊರಸಿನ ಸದ್ದಾಗಲಿ ಇಲ್ಲದೆ, ಕಾಡಿನ ನಡುವಿನ ಬಯಲಿಗೆ ಬಂದು ಕೈದಿಗಳನ್ನು ಅದಲುಬದಲು ಮಾಡಿಕೊಳ್ಳಬೇಕು, ಅಲ್ಲಿಗೆ ಯುದ್ಧ ಮುಗಿದಂತೆ ಎಂದು ಮಾತಾಯಿತು. ನಮ್ಮವರು ತಮ್ಮ ಕೈದಿಯನ್ನು ಕರೆದುಕೊಂಡು ಸೈಕಲ್ಲಿನಲ್ಲಿ ಹೋದರು. ಆಚೆಯವರು ಬರಲಿಲ್ಲ. ಮರುವರ್ಷವೂ ಹೋದರು, ಬರಲಿಲ್ಲ. ಹೀಗೇ ಹೋಗುತ್ತಾ ಬರುತ್ತಾ ಕೈದಿ ವಯಸ್ಸಾಗಿ ತೀರಿಕೊಂಡ. ಕೊಡಲು ಕೈದಿಯೇ ಇಲ್ಲದಿದ್ದರೆ ನಮ್ಮವನನ್ನು ಬಿಡಿಸಿಕೊಳ್ಳುವುದು ಹೇಗೆ? ಪುರಸಭೆಯವರು ಊರಿನಲ್ಲೇ, ತೀರಿಕೊಂಡವನ ಒಡನಾಟವಿದ್ದ ಒಬ್ಬ ಕಂಬಾರನನ್ನು ಕೈದಿಯಾಗಿ ನೇಮಿಸಿದರು. ಅವನ ನಂತರ ಒಬ್ಬ ಸೂಲಗಿತ್ತಿ. ಅವಳ ನಂತರ ನೀಲಾಂಬಿಕೆ.

ನೀಲಾಂಬಿಕೆಗೆ ತಂದೆತಾಯಿ ಇರಲಿಲ್ಲ. ಮುಂದಿನ ಕೈದಿ ಯಾರು ಎಂದು ಪುರಸಭೆಯಲ್ಲಿ ಮಾತು ಬಂದಾಗ ಸೋದರಮಾವ ಎದ್ದು ನಿಂತು, “ನಮ್ಮನೇಲಿ ಒಂದು ಹುಡ್ಗಿ ಐತೆ, ಸುಮ್ನೆ ಕೂತವ್ಳೆ” ಎಂದ. ಅವಳನ್ನು ಯಾರೂ ಕೇಳಲಿಲ್ಲ. ಇದನ್ನು ಅವಳು ದೂರಿನಂತೆ ಹೇಳಿದ್ದು ನಾನು ಕಾಣೆ. ಯಾರಾದರೂ ವಿಚಾರಿಸಿದರೆ, ಹೀಗಾಯ್ತು ಎನ್ನುತ್ತಿದ್ದಳು, ಅಷ್ಟೆ.

ಕೈದಿಯ ಮನೆ ಪುರಸಭೆಯ ಹಿಂದಿನ ಬೀದಿಯಲ್ಲಿತ್ತು. ಎರಡು ಕೋಣೆ, ಹಿತ್ತಲು, ನಲ್ಲಿ. ಬಾಗಿಲಿಗೆ ಚಿಲಕ ಹೊರಗಡೆ ಮಾತ್ರ. ನನ್ನದು ಸೈಕಲ್ ಅಂಗಡಿ. ಮುಂದೆ ಹಿಂದೆ ಎರಡೂ ಬ್ರೇಕು ಹಿಡಿಯುವ ಸೈಕಲ್ಲು ಊರಿನಲ್ಲಿ ನನ್ನೊಬ್ಬನದೇ ಎಂದು ಕಾವಲುಗಾರನ ಕೆಲಸ ನನಗೆ ಬಂದಿತ್ತು. ದೀಪ ಹಚ್ಚುವ ಹೊತ್ತಿಗೆ ಹೋಗಿ ಚಿಲಕ ಹಾಕಬೇಕು, ಬೆಳಗ್ಗೆ ತೆಗೆಯಬೇಕು. ಹಾಕುವಾಗ ಎರಡು ಮಾತು, ತೆಗೆಯುವಾಗ ಎರಡು ಮಾತು ಆಡುತ್ತಾ ಮದುವೆಯವರೆಗೆ ಬಂತು. ಮದುವೆಯಾದ ಮೇಲೆ ಒಂದು ತೊಡಕಾಯಿತು: ಕಾವಲುಗಾರನೂ ಒಳಗೇ ಮಲಗಿದರೆ ಚಿಲಕ ಹಾಕುವವರು ಯಾರು? ಚರ್ಚೆಯಾಗಿ, ಆ ಕೆಲಸವನ್ನು ಎದುರುಮನೆಯ ಮಲ್ಲಾಜಮ್ಮನಿಗೆ ವಹಿಸಿದರು. ಅವಳು ಹೊತ್ತಿಗೆ ಸರಿಯಾಗಿ ಬಂದು “ಊಟ ಆಯ್ತಾ? ಹಾಕ್ಲಾ?” ಎಂದು ಕೇಳಿ, ನಾವು ಹೂಂ ಅಂದ ಮೇಲೆ ಹಾಕುತ್ತಿದ್ದಳು. ಒಮ್ಮೆ ಚಿಲಕ ಹಾಕಿಯೇ ಮಗಳ ಬಾಣಂತನಕ್ಕೆ ಹೊರಟುಹೋದಳು. ತೆಗೆಯುವ ಅಧಿಕಾರ ಬೇರೆ ಯಾರಿಗೂ ಇರಲಿಲ್ಲ. ಅವಳು ಬರುವವರೆಗೆ ಜನ ಕಿಟಕಿಯಲ್ಲಿ ನಮಗೆ ಹಾಲು, ಸೊಪ್ಪು ಕೊಡುತ್ತಿದ್ದರು. ಪಂಚರಾದ ಟ್ಯೂಬುಗಳನ್ನೂ ಕೊಡುತ್ತಿದ್ದರು. ನಾನು ಒಳಗೇ ಕೂತು ತೇಪೆ ಹಾಕಿ ಕೊಡುತ್ತಿದ್ದೆ.

ಹುಣ್ಣಿಮೆಯ ಸವಾರಿ ಮೊದಲು ಕೈದಿ ಮತ್ತು ಕಾವಲುಗಾರ ಇಬ್ಬರದೇ ಆಗಿತ್ತಂತೆ. ನಮ್ಮ ಕಾಲಕ್ಕೆ ಅದು ದೊಡ್ಡ ಪ್ರವಾಸವಾಗಿತ್ತು. ಪುರಸಭೆಯ ಅಧ್ಯಕ್ಷ ಬೆಟ್ಟಸ್ವಾಮಿಯವರೇ ಮುಂದಾಳು. ಅಕ್ಕಪಕ್ಕದ ಊರುಗಳಿಂದಲೂ ಜನ ಸೈಕಲ್ಲು ತಂದು ಸೇರಿಕೊಳ್ಳುತ್ತಿದ್ದರು, ಹೊಸದಾಗಿ ಮದುವೆಯಾದವರು ಡಬಲ್ ರೈಡಿನಲ್ಲಿ ಬರುತ್ತಿದ್ದರು. ಊರು ದಾಟಿದ ಕೂಡಲೇ ಮತ್ತಿ, ತೇಗ, ಬಿದಿರಿನ ಕಾಡು. ಗಾಡಿದಾರಿಯ ಕೆಂಪು ಮಣ್ಣು ಮಳೆ ನಿಂತು ಗಟ್ಟಿಯಾಗಿರುತ್ತಿತ್ತು. ಮೊದಲಿಗೆ ಸಿಗುವುದು ಗುಂಡು ತಿಂದ ತೇಗದ ತೋಪು. ಆ ಮರಗಳನ್ನು ಯಾವ ಸಾಮಿಲ್ಲಿನವರೂ ಮುಟ್ಟುವುದಿಲ್ಲ, ಒಳಗಿರುವ ಗುಂಡಿಗೆ ಗರಗಸದ ಹಲ್ಲು ಮುರಿಯುತ್ತದೆ. ಹಾಗಾಗಿ ಕಾಡಿನಲ್ಲೇ ಅತಿ ದೊಡ್ಡ ಮರಗಳು ಅವು. ಮುಂದೆ ಒಂದು ಟ್ಯಾಂಕು ಹಳ್ಳಕ್ಕೆ ಮೂಗು ತೂರಿಸಿ ನಿಂತಿದೆ. ಅದರ ನಳಿಗೆಯಲ್ಲಿ ಜೇನು ಕಟ್ಟಿರುತ್ತದೆ. ಅದರಾಚೆ ಕಂದಕಗಳು. ಯಾರೋ ಪುಣ್ಯಾತ್ಮರು ಅವುಗಳ ಉದ್ದಕ್ಕೂ ಸುವರ್ಣಗಡ್ಡೆ ಹಾಕಿದ್ದಾರೆ. ಮುರಿದ ಸೇತುವೆಯ ಬಳಿ ಎಲ್ಲರೂ ಇಳಿದು ಸೈಕಲ್ಲು ಹೆಗಲಿಗೇರಿಸಿ ನೀರು ದಾಟಬೇಕು.

ಪ್ರತಿಯೊಂದು ಜಾಗದಲ್ಲೂ ಬೆಟ್ಟಸ್ವಾಮಿಯವರು ನಿಂತು ವಿವರಿಸುವರು: ಇಲ್ಲಿ ನಮ್ಮವರು ಶತ್ರುವನ್ನು ತಡೆದರು, ಇಲ್ಲಿ ನಮ್ಮವರು ಸೇತುವೆ ಉಡಾಯಿಸಿದರು. ನೀಲಾಂಬಿಕೆ ಪಕ್ಕದಲ್ಲಿ ನಿಂತು, ಅದೇ ಜಾಗದ ಬಗ್ಗೆ ಆಚೆಯವರು ಹೇಳುವುದನ್ನು ಹೇಳುವಳು. ಮೊದಲ ಕೈದಿ ಕಂಬಾರನಿಗೆ, ಕಂಬಾರ ಸೂಲಗಿತ್ತಿಗೆ, ಸೂಲಗಿತ್ತಿ ಇವಳಿಗೆ ಹೇಳಿದ್ದು. “ಅವ್ರ ಪ್ರಕಾರ ಸೇತುವೇನ ಯಾರೂ ಉಡಾಯಿಸ್ಲಿಲ್ಲ. ಎರಡೂ ಕಡೆ ಸೈನ್ಯ ಒಟ್ಟಿಗೆ ಹತ್ತಿದ್ದಕ್ಕೆ ಕುಸೀತು” ಎನ್ನುವಳು. ಬೆಟ್ಟಸ್ವಾಮಿಯವರು, “ಕೈದಿ ಹಾಗೇ ಹೇಳ್ಬೇಕು, ಅದು ಅವ್ರ ಧರ್ಮ” ಎಂದು ಜನರನ್ನು ಮುಂದೆ ಕಳಿಸುವರು.

ಕೈದಿ ಯಾವಾಗಲೂ ಕಾವಲುಗಾರನ ಕಣ್ಣಿಗೆ ಕಾಣುವಂತೆ ಮುಂದಿರಬೇಕೆಂಬುದು ನಿಯಮ. ಆದ್ದರಿಂದ ಆ ಕಾಡನ್ನೆಲ್ಲ ನಾನು ನೋಡಿರುವುದು ನೀಲಾಂಬಿಕೆಯ ಬೆನ್ನಿನ ಎರಡೂ ಪಕ್ಕದಲ್ಲಿ.

ಆಚೆಯವರ ಭಾಷೆ ನಮಗೆ ಅರ್ಥವಾಗುವುದಿಲ್ಲ ಎಂದು ನಮ್ಮ ಶಾಲೆಯಲ್ಲಿ ಹೇಳಿಕೊಡುತ್ತಾರೆ. ನೀಲಾಂಬಿಕೆ ಅದನ್ನೂ ಸೂಲಗಿತ್ತಿಯಿಂದ ಕಲಿತಿದ್ದಳು. ಹಿತ್ತಲಲ್ಲಿ ಪಾತ್ರೆ ತೊಳೆಯುವಾಗ ಒಬ್ಬಳೇ ಅಭ್ಯಾಸ ಮಾಡುತ್ತಿದ್ದಳು: “ಎಲ್ಲಿಗೆ ಹೊಂಟೀರಿ? ಬರ್ರಿ, ಕುಂಡ್ರಿ. ನೀರು ಕುಡೀರಿ.” ನನಗೆ ಎಲ್ಲವೂ ಅರ್ಥವಾಗುತ್ತಿತ್ತು. ಅದನ್ನು ಪುರಸಭೆಗೆ ತಿಳಿಸಲು ಹೋಗಲಿಲ್ಲ.

ಒಂದು ವರ್ಷ ಬೆಟ್ಟಸ್ವಾಮಿಯವರು ಬ್ಯಾಟರಿಯ ಮೈಕು ತರಿಸಿದ್ದರು. ಬಯಲು ಮುಟ್ಟಿ, ಜಮಖಾನ ಹಾಸಿ, ಹುಳಿಯನ್ನದ ಪಾತ್ರೆ ಇಳಿಸಿದ ಮೇಲೆ ಅವರು ಪ್ರತಿವರ್ಷದ ಭಾಷಣಕ್ಕೆ ನಿಂತರು. ಅದು ನಮಗೆಲ್ಲ ಬಾಯಿಪಾಠ. ಈ ವರ್ಷವೂ ಶತ್ರು ಬಂದಿಲ್ಲ, ಮಾತು ತಪ್ಪಿದ ಜನ, ನಾಚಿಕೆ ಇಲ್ಲದ ಜನ, ಆದರೂ ನಾವು ಕಾಯುತ್ತೇವೆ ಎಂದು ಸಾಗಿ, ಎಲೆ ಹಾಕಿರಿ ಎನ್ನುವಲ್ಲಿಗೆ ಮುಗಿಯುತ್ತದೆ. ಮೈಕಿನ ದನಿಗೆ ಮರದ ಮೇಲಿನ ಮುಸಿಯ ಕೋತಿಗಳೆಲ್ಲ ಜಾಗ ಖಾಲಿ ಮಾಡಿದವು. “ನಾಚಿಕೆ ಇಲ್ಲದ ಜನ” ಎಂಬಲ್ಲಿಗೆ ಬಂದಾಗ ಆಚೆಬದಿಯ ಲಂಟಾನ ಪೊದೆಗಳ ಹಿಂದೆ ಸೈಕಲ್ ಗಂಟೆಯ ಸದ್ದು ಕೇಳಿಸಿತು. ಪೊದೆ ಸರಿಸಿಕೊಂಡು ಒಬ್ಬ ಹೆಂಗಸು ಸೈಕಲ್ಲು ತಳ್ಳಿಕೊಂಡು ಬಂದಳು. ಹ್ಯಾಂಡಲಿಗೆ ಕೊಡೆ ಸಿಕ್ಕಿಸಿದ್ದಳು.

“ಯಾರ್ರೀ ಅಂವಾ, ನಾಚಿಕಿ ಇಲ್ಲದ ಮಂದಿ ಅಂದಾಂವ?” ಎಂದಳು.

ಬೆಟ್ಟಸ್ವಾಮಿಯವರು ಮೈಕು ಕೆಳಗಿಳಿಸದೆಯೇ “ನೀವ್ಯಾರು?” ಎಂದರು. ಅದು ಕಾಡಿನ ತುಂಬ ಕೇಳಿಸಿತು.

“ನಾವೇ ರೀ, ಆ ಮಂದಿ.”

ಅವಳ ಹಿಂದೆ ಒಬ್ಬೊಬ್ಬರಾಗಿ ಬಂದರು. ಎಲ್ಲರ ಹತ್ತಿರವೂ ಸೈಕಲ್ಲು, ಕ್ಯಾರಿಯರಿನಲ್ಲಿ ರೊಟ್ಟಿಯ ಗಂಟು. ಹೆಂಗಸಿನ ಹೆಸರು ಬಸಲಿಂಗವ್ವ, ಅಲ್ಲಿನ ಶಾಲೆಯ ಟೀಚರು, ಅವರ ಕಡೆಯ ಕಾವಲುಗಾರ್ತಿ. ಭಾಷೆ ಅರ್ಥವಾಗುವುದಿಲ್ಲವೆಂದು ಮೊದಲೇ ತೀರ್ಮಾನವಾಗಿದ್ದುದರಿಂದ ಬೆಟ್ಟಸ್ವಾಮಿಯವರು ನೀಲಾಂಬಿಕೆಯನ್ನು ನಡುವೆ ನಿಲ್ಲಿಸಿಕೊಂಡರು.

“ಇಷ್ಟು ವರ್ಷ ಯಾಕೆ ಬರ್ಲಿಲ್ಲ ಕೇಳಮ್ಮ.”

“ಇಷ್ಟ ವರ್ಷ ಯಾಕ ಬರಲಿಲ್ರೀ?” ಎಂದು ನೀಲಾಂಬಿಕೆ ಕೇಳಿದಳು. ಅವಳ ಕಿವಿ ಕೆಂಪಾಗಿತ್ತು. ಹಿತ್ತಲಿನ ಹೊರಗೆ ಆ ಮಾತು ಆಡುತ್ತಿದ್ದುದು ಅದೇ ಮೊದಲು.

“ಬರ್ತೀವ್ರಿ, ಪ್ರತಿ ವರ್ಷ ಬರ್ತೀವಿ! ಹಳ್ಳದ ಆ ದಂಡಿಗೆ ಇನ್ನೊಂದು ಬಯಲೈತಿ. ಅಲ್ಲೇ ಕುಂತು ಹಾದಿ ನೋಡಿ, ರೊಟ್ಟಿ ತಿಂದು, ನಿಮಗ ಮಾತಿನ ಮ್ಯಾಲೆ ನಿಗಾ ಇಲ್ಲಂತ ಬೈದು ಹೋಗ್ತೀವಿ. ಇವತ್ತ ಮೈಕಿನ್ಯಾಗ ನಮ್ಮನ್ನ ಯಾರೋ ಬೈಯಾಕತ್ತಿದ್ದು ಕೇಳಿಸ್ತು. ಯಾರು ನೋಡೂಣಂತ ಬಂದ್ವಿ.”

“ಅವ್ರೂ ಬರ್ತಿದ್ರಂತೆ. ಬೇರೆ ಬಯಲಿಗೆ” ಎಂದಳು ನೀಲಾಂಬಿಕೆ.

ಬೆಟ್ಟಸ್ವಾಮಿಯವರು ಮೈಕಿನ ಗುಂಡಿ ಒತ್ತಿ ಆರಿಸಿದರು. ಆಮೇಲೆ ಯಾರೋ ಹುಳಿಯನ್ನ ಆಚೆ ಕೊಟ್ಟರು, ಆಚೆಯಿಂದ ರೊಟ್ಟಿ, ಶೇಂಗಾ ಚಟ್ನಿ ಬಂತು.

ಅವರ ಹತ್ತಿರವಿದ್ದ ‘ನಮ್ಮವ’ನ ಹೆಸರು ಸಿದ್ಲಿಂಗಪ್ಪ. ಉಣ್ಣೆಯ ಟೋಪಿ ಹಾಕಿಕೊಂಡ ಸಣಕಲು ದರ್ಜಿ, ಮೊಮ್ಮಕ್ಕಳಿರುವವನು. ನಮ್ಮೂರನ್ನು ಹುಟ್ಟಿದಾರಭ್ಯ ಕಂಡವನಲ್ಲ. ನಮ್ಮ ಮೂಲ ಸೈನಿಕ ಅಲ್ಲಿ ತೀರಿಕೊಂಡ ಮೇಲೆ ಅವರೂ ತಮ್ಮಲ್ಲೇ ಒಬ್ಬೊಬ್ಬರನ್ನು ನೇಮಿಸುತ್ತಾ ಬಂದಿದ್ದರು. ಬೆಟ್ಟಸ್ವಾಮಿಯವರು “ನಮ್ಮ ವೀರ!” ಎಂದು ಅವನನ್ನು ತಬ್ಬಿಕೊಂಡರು. ಸಿದ್ಲಿಂಗಪ್ಪ ಅವರ ಹೆಗಲ ಮೇಲಿಂದ, “ಬಸಲಿಂಗವ್ವಾ, ನಾ ಹೊಳ್ಳಿ ಯಾವಾಗ ಬರೂದು?” ಎಂದು ಕೇಳಿದ. “ಬಿಡುಗಡಿ ಆದವರು ಹೊಳ್ಳಿ ಬರೂದಿಲ್ಲ ಕಾಕಾ” ಎಂದಳು ಅವಳು, ದನಿ ತಗ್ಗಿಸಿ.

ಊಟವಾದ ಮೇಲೆ ಬೆಟ್ಟಸ್ವಾಮಿಯವರು ನನ್ನನ್ನು ಪಕ್ಕಕ್ಕೆ ಕರೆದರು. “ನೋಡು, ಭೇಟಿ ಆದಂಗಾಯ್ತು. ಈಗ ಅವ್ರ ಪಾಡಿಗೆ ಅವ್ರು, ನಮ್ಮ ಪಾಡಿಗೆ ನಾವು ಹೊರಟ್ರೆ ವಾಸಿ. ಯುದ್ಧ ಮುಗಿದ್ಹೋದ್ರೆ ಮುಂದಿನ ವರ್ಷ ಜನ ಯಾಕೆ ಬರ್ತಾರೆ? ಆ ಟೀಚರಮ್ಮನಿಗೂ ಇದೇ ಸರಿ ಕಂಡಂಗಿದೆ.” ನನಗೂ ಸರಿ ಕಂಡಿತು. ತಿರುಗಿ ನೋಡಿದರೆ ನೀಲಾಂಬಿಕೆ ಕೈ ತೊಳೆದುಕೊಂಡು ಬಂದು ಸೈಕಲ್ಲಿನ ಸ್ಟ್ಯಾಂಡು ತೆಗೆಯುತ್ತಿದ್ದಳು.

“ಎಲ್ಲಿಗೆ?” ಎಂದೆ.

“ಬಿಡುಗಡೆ ಬಂದೈತಲ್ಲ.”

“ಅಧ್ಯಕ್ಷರು ಬೇಡ ಅಂತವ್ರೆ. ಎಲ್ಲಾರೂ ಮನೆಗೆ ಹೋಗೋಣ ಅಂತವ್ರೆ.”

“ಅವ್ರು ಹೋಗ್ಲಿ.” ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ನೋಡಿ, ನಮ್ಮಾವ ನನ್ನ ಕೊಟ್ಟ. ಪುರಸಭೆಯೋರು ತಗೊಂಡ್ರು. ಈ ಜನ ಮಾತ್ರ ವರ್ಷಾ ವರ್ಷಾ ಬುತ್ತಿ ಕಟ್ಕೊಂಡು ನನ್ನ ಕರ್ಕೊಂಡೋಗಕ್ಕೆ ಬಂದು ಕಾದವ್ರೆ. ಬೇರೆ ಬಯಲಾದ್ರೆ ಏನಾಯ್ತು? ಕಾದವ್ರಲ್ಲ.”

“ಹೋಗ್ಬೇಡ ನೀಲಾ.”

ಅವಳು ನನ್ನ ಮುಖವನ್ನೇ ನೋಡಿದಳು. “ಇದು ಕಾವಲುಗಾರ ಹೇಳ್ತಿರೋದಾ, ಗಂಡ ಹೇಳ್ತಿರೋದಾ?”

ನಾನು ಯೋಚಿಸಿ, “ಇಬ್ಬರೂ” ಎಂದೆ.

“ಅದೇ ರೀ ಕಷ್ಟ” ಎಂದಳು. ಬಸಲಿಂಗವ್ವನ ಕಡೆ ತಿರುಗಿ, “ನಡೀರಿ ಅಕ್ಕಾರ, ಹೊತ್ತಾತು” ಎಂದಳು. ಪೊದೆಯ ಹತ್ತಿರ ಹೋಗಿ ಒಮ್ಮೆ ನಿಂತಳು. ಏನಾದರೂ ಹೇಳುವಳೇನೋ ಎಂದು ಕಾದೆ. ಅವಳು ಸೀರೆಗೆ ಅಂಟಿದ ಮುಳ್ಳು ಬಿಡಿಸಿಕೊಂಡು ಹೋದಳು.

ಅವಳ ಬದಲಿಗೆ ಬಂದ ಸಿದ್ಲಿಂಗಪ್ಪನನ್ನು ನಾನು ಕರೆತಂದೆ. ದಾರಿಯಲ್ಲಿ ಅವನು, “ನಾ ಮುಂದ ಹೋಗಲ್ಯಾ, ಹಿಂದ ಬರಲ್ಯಾ?” ಎಂದು ಕೇಳಿದ. ಬಿಡುಗಡೆಯಾದವರು ಎಲ್ಲಿ ಇರಬೇಕೆಂದು ನಿಯಮದಲ್ಲಿ ಇರಲಿಲ್ಲ. ಅಕ್ಕಪಕ್ಕದಲ್ಲಿ ಬಂದೆವು. ಟ್ಯಾಂಕಿನ ಬಳಿ ಅವನು ಇಳಿದು, ಅದನ್ನು ಹಾಗೇ ಮುಟ್ಟಿ ನೋಡಿ, “ಇದು ನಿಮ್ದೋ ನಮ್ದೋ?” ಎಂದ. ನಮ್ಮೂರಲ್ಲಿ ಅದು ನಿಮ್ಮದು ಅಂತಾರೆ ಎಂದೆ. “ನಮ್ಮೂರಾಗ ನಿಮ್ದು ಅಂತಾರ” ಎಂದು ಅವನು ಮತ್ತೆ ಸೈಕಲ್ಲು ಹತ್ತಿದ.

ಊರಿನಲ್ಲಿ ಅವನಿಗೆ ಭಾರಿ ಸ್ವಾಗತವಾಯಿತು. ಸೆರೆಯಿಂದ ಮರಳಿದ ವೀರನೆಂದು ದಿನಕ್ಕೊಂದು ಬೀದಿಯವರು ಕರೆದು ಹಾರ ಹಾಕಿದರು. ಇಳಿದುಕೊಂಡಿದ್ದು ನನ್ನ ಮನೆಯಲ್ಲಿ. ಮಲ್ಲಾಜಮ್ಮ ರೂಢಿಯಂತೆ ಬಂದು “ಹಾಕ್ಲಾ?” ಎಂದು ಕೇಳಿ, ಆಮೇಲೆ ನೆನಪಾಗಿ, ಬಾಗಿಲ ಮುಂದೆ ಏನು ಮಾಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದಳು. ಸಿದ್ಲಿಂಗಪ್ಪ ನನ್ನ ಹರಿದ ಅಂಗಿಗಳನ್ನೆಲ್ಲ ಹೊಲಿದುಕೊಟ್ಟ. ಹಾರದ ವಾಸನೆಗೆ ತಲೆ ಸಿಡಿಯುತ್ತದೆ ಎನ್ನುತ್ತಿದ್ದ. ಒಂದು ದಿನ ಬೆಳಗ್ಗೆ ಟೋಪಿ ಹಾಕಿಕೊಂಡು ಸೈಕಲ್ಲು ಹೊರಗೆ ತೆಗೆದ.

“ಮೊಮ್ಮಕ್ಕಳು ನೆನಪಾಗ್ಯಾವ. ನಾ ಹೊಂಟೆ. ನೀವೂ ಬರ್ತೀರೇನು?”

“ಹೋಗಬಹುದಾ? ಯಾರೂ ಏನೂ ಹೇಳಿಲ್ಲ” ಎಂದೆ.

“ಬ್ಯಾಡ ಅಂತನೂ ಯಾರೂ ಹೇಳಿಲ್ಲ” ಎಂದು ಅವನು ಹೊರಟುಹೋದ.

ಊರಿನ ವೀರ ಶತ್ರುವಿನ ಕಡೆಗೆ ಹೋದದ್ದು ದೊಡ್ಡ ಸುದ್ದಿಯಾಯಿತು. ಬೆಟ್ಟಸ್ವಾಮಿಯವರು ಅದನ್ನು ಪರಿಶೀಲಿಸುತ್ತೇವೆ ಎಂದರು. ಪರಿಶೀಲನೆ ಮುಗಿಯಲಿ ಎಂದು ನಾನು ಅಂಗಡಿಯಲ್ಲಿ ಕೂತೆ. ಯಾರದೋ ಚೈನಿಗೆ ಎಣ್ಣೆ ಬಿಡುತ್ತಾ ಕೂತಿದ್ದಾಗ, ಈ ಪರಿಶೀಲನೆಗೂ ನನಗೂ ಏನು ಸಂಬಂಧ ಎಂಬುದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಕಾವಲು ಕಾಯಲು ಕೈದಿ ಇಲ್ಲ. ಕೈದಿ ಇಲ್ಲದ ಮೇಲೆ ನಾನು ಕಾವಲುಗಾರನಲ್ಲ. ಆ ಇಬ್ಬರಲ್ಲಿ ಅವನನ್ನು ಕಳೆದರೆ ಉಳಿಯುವುದು ಗಂಡ ಒಬ್ಬನೇ. ಕೈ ಒರೆಸಿಕೊಂಡು ಅಂಗಡಿಯ ಬಾಗಿಲು ಎಳೆದೆ.

ಒಬ್ಬನೇ ಆ ಕಾಡಿನಲ್ಲಿ ಹೋದದ್ದು ಅದೇ ಮೊದಲು. ಮುಂದೆ ಯಾರೂ ಇರಲಿಲ್ಲವಾಗಿ ಎಲ್ಲವೂ ಹೊಸದಾಗಿ ಕಂಡಿತು. ಕಂದಕಗಳ ಹತ್ತಿರ ಒಂದು ಶಿರಸ್ತ್ರಾಣ ಬೋರಲಾಗಿ ಬಿದ್ದಿತ್ತು, ಅಷ್ಟು ವರ್ಷ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಮ್ಮ ಬಯಲು ದಾಟಿ, ಹಳ್ಳ ದಾಟಿ, ಅವರ ಬಯಲನ್ನೂ ನೋಡಿದೆ. ನಮ್ಮದರಷ್ಟೇ ಇತ್ತು. ಒಲೆ ಹೂಡಿದ್ದ ಮೂರು ಕಲ್ಲು ಕಪ್ಪಾಗಿದ್ದವು, ಕಟ್ಟಿಗೆಯನ್ನು ಮುಂದಿನ ವರ್ಷಕ್ಕೆಂದು ಜೋಡಿಸಿಟ್ಟಿದ್ದರು.

ಆಮೇಲೆ ನೀಲಾಂಬಿಕೆ ನಮ್ಮೂರಿಗೆ ಬಂದಳು, ಹೋದಳು, ಈಗಲೂ ಮನಸ್ಸು ಬಂದಾಗ ಬರುತ್ತಾಳೆ, ಹೋಗುತ್ತಾಳೆ, ನಾನೂ ಹಾಗೇ. ಎರಡು ಕಡೆಯೂ ನಮಗೆ ಒಂದೊಂದು ಹಾಸಿಗೆ ಇದೆ. ಆದರೆ ಆ ಮೊದಲ ದಿನದ ಮಾತು ಬೇರೆ.

ಆಚೆಯ ಊರಿನಲ್ಲಿ ಮೊದಲು ಸಿಕ್ಕವರನ್ನು ಕೇಳಿದೆ. ಸೆರೆಯಿಂದ ಬಂದ ಅಕ್ಕಾರು ಸಾಲಿಯಲ್ಲಿದ್ದಾರೆ ಎಂದರು. ಹೆಂಚಿನ ಶಾಲೆ, ಒಂದೇ ಕೋಣೆ. ಬಸಲಿಂಗವ್ವ ಹಿಂದೆ ಕೂತು ಪರೀಕ್ಷೆಯ ಉತ್ತರಗಳನ್ನು ತಿದ್ದುತ್ತಿದ್ದಳು. ನೀಲಾಂಬಿಕೆ ಮಕ್ಕಳ ಮುಂದೆ ಕುರ್ಚಿಯಲ್ಲಿ ಕೂತಿದ್ದಳು. ನಾನು ಕಿಟಕಿಯ ಪಕ್ಕ ನಿಂತೆ.

“ಶತ್ರುಗಳು ನಿಮಗ ಹೊಡೀತಿದ್ರೇನ್ರೀ?” ಎಂದು ಎರಡು ಜಡೆಯ ಹುಡುಗಿಯೊಬ್ಬಳು ಕೇಳಿದಳು.

“ಇಲ್ಲ. ಹುಳಿಯನ್ನ ಕೊಡ್ತಿದ್ರು.”

“ಕಾವಲುಗಾರ ಹೆಂಗಿದ್ದ?”

“ಮಾತು ಕಮ್ಮಿ. ಇಳಿಜಾರು ಬಂತಂದ್ರ ಹಿಂದಿನಿಂದ ‘ಬ್ರೇಕು, ಬ್ರೇಕು’ ಅಂತಿದ್ದ. ಹುಣ್ಣಿಮಿ ಹತ್ರ ಬಂದ್ರ ನನ್ನ ಸೈಕಲ್ಲು ಪೂರ್ತಿ ಬಿಚ್ಚಿ, ಒರೆಸಿ, ಎಣ್ಣಿ ಹಾಕಿ, ಮತ್ತ ಜೋಡಸ್ತಿದ್ದ. ದಾರ್ಯಾಗ ನಂಗ ತ್ರಾಸ ಆಗಬಾರದಂತ.”

ಹುಡುಗಿಗೆ ಇದು ಸರಿಹೋಗಲಿಲ್ಲ. “ನಿಮ್ಮನ್ನ ಬಿಟ್ಟುಕೊಡಾಕ ಹೋಗೂ ಸೈಕಲ್ಲಿಗೆ ತಾನೇ ಎಣ್ಣಿ ಹಾಕ್ತಿದ್ನೇನು?”

“ಹೂಂ. ಅದೊಂದು ನಂಗೂ ತಿಳೀಲಿಲ್ಲ ನೋಡು” ಎಂದಳು ನೀಲಾಂಬಿಕೆ.

ಆಗ ಕಿಟಕಿಯ ಹತ್ತಿರ ಕೂತಿದ್ದ ಮಗು ನನ್ನನ್ನು ಕಂಡು, “ಅಕ್ಕಾರ, ಯಾರೋ ನಿಂತಾರ” ಎಂದಿತು. ಎಲ್ಲ ತಲೆಗಳೂ ತಿರುಗಿದವು. ನೀಲಾಂಬಿಕೆ ಎದ್ದು ನಿಂತಳು.

“ಯಾರ್ರೀ ಅವರು?” ಎಂದಳು ಎರಡು ಜಡೆಯವಳು.

“ಶತ್ರು” ಎಂದಳು ನೀಲಾಂಬಿಕೆ. ಮಕ್ಕಳೆಲ್ಲ ಎದ್ದು ನಿಂತು ನಮಸ್ಕಾರ ಎಂದರು. ಅವರಿಗೆ ಯಾರು ಬಂದರೂ ಹಾಗೆ ಹೇಳುವುದು ಅಭ್ಯಾಸವಾಗಿತ್ತೆಂದು ಕಾಣುತ್ತದೆ. ನಾನು ಬಾಗಿಲ ಬಳಿಗೆ ಬಂದೆ.

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ನಮ್ಮೂರ ಮಾತಿನಲ್ಲಿ ಕೇಳಿದಳು: “ಯಾರು ಕಳ್ಸಿದ್ರು ನಿಮ್ಮನ್ನ?”

“ಯಾರೂ ಇಲ್ಲ.”

“ಅಧ್ಯಕ್ಷರು?”

“ಅವ್ರಿಗೆ ಗೊತ್ತೇ ಇಲ್ಲ.”

“ಮತ್ತೆ ಏನು ಕೆಲ್ಸ?”

“ಏನೂ ಇಲ್ಲ. ನೋಡಕ್ಕೆ ಬಂದೆ.”

ಅವಳು ಮೇಜಿನ ಮೇಲಿದ್ದ ಸೀಮೆಸುಣ್ಣವನ್ನು ಎತ್ತಿ ಡಬ್ಬಿಗೆ ಹಾಕಿದಳು, ಮತ್ತೆ ತೆಗೆದಳು, ಮತ್ತೆ ಹಾಕಿದಳು. ಆಮೇಲೆ ಮಕ್ಕಳ ಕಡೆ ತಿರುಗಿ, “ಇವತ್ತಿಗೆ ಯುದ್ಧ ಸಾಕು. ಎಲ್ಲಾರೂ ಮನೀಗೆ ಹೋಗ್ರಿ” ಎಂದಳು.

ಒಂದು ಮಗುವೂ ಕದಲಲಿಲ್ಲ. ಶತ್ರು ಮುಂದೇನು ಮಾಡುತ್ತಾನೋ ನೋಡಬೇಕೆಂದು ಅವರಿಗೆಲ್ಲ ಆಸೆಯಾಗಿತ್ತು. ಎಲ್ಲರೂ ನೋಡುತ್ತಿರುವಂತೆಯೇ ನಾನು ಹೊಸಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದೆ.